ಒಂದು, ಮೂರು, ಐದು

"ಮುಟ್ಟಬೇಡಮ್ಮಾ. ನೋಡಿ ಹೇಳು, ಸಾಕು."

ಇನ್ಸ್‌ಪೆಕ್ಟರ್ ಆ ನೀಲಿ ಅಂಗಿಯನ್ನು ಕಲೆ ತೆಗೆಯುವ ಮೇಜಿನ ಮೇಲಿಟ್ಟು, ಮೂಗಿಗೆ ಕರವಸ್ತ್ರ ಒತ್ತಿ ಒಂದು ಸೀನು ಸೀನಿದರು. ಬೆನ್ನಿಗೇ ಎರಡನೆಯದು ಬಂತು. ಮೂರನೆಯದನ್ನು ಹಲ್ಲು ಕಚ್ಚಿ ತಡೆದರು.

"ಈ ಕೋಣೇಲಿ ಹೇಗಮ್ಮಾ ಉಸಿರಾಡ್ತೀಯ? ಮೂಗಿನ ಕೂದಲೆಲ್ಲ ಸುಟ್ಟುಹೋಯ್ತು ನಂದು."

"ಅಭ್ಯಾಸ ಸಾರ್. ನಿಮ್ಮ ಸ್ಟೇಷನ್ನಲ್ಲಿ ನೀವು ಉಸಿರಾಡಲ್ವಾ? ಹಾಗೇ."

ಬಾಗಿಲಲ್ಲಿದ್ದ ಪೇದೆ ನಗು ತಡೆಯಲಾರದೆ ಗೋಡೆ ಕಡೆ ತಿರುಗಿ ಕೆಮ್ಮಿದ. ಇನ್ಸ್‌ಪೆಕ್ಟರ್ ನಗಲಿಲ್ಲ. ಬೈಯಲೂ ಇಲ್ಲ.

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಕಡ್ಡಿ ಎಂದೇ ಕರೆಯುವುದು. ಮೈ ಕಡ್ಡಿ, ಮಾತೂ ಕಡ್ಡಿ ತುಂಡು ಮಾಡಿದ ಹಾಗೆ. ಹತ್ತು ವರ್ಷದಿಂದ ಈ ಹಿಂದಿನ ಕೋಣೆಯಲ್ಲಿ ನಿಂತು ಊರಿನವರ ಬಟ್ಟೆಯ ಕಲೆ ತೆಗೆಯುತ್ತಾ ಬಂದವಳು. ಮಸಿ, ಎಣ್ಣೆ, ತುಕ್ಕು, ತುಟಿಯ ಬಣ್ಣ, ರಕ್ತ. ಎಲ್ಲಿಂದ ಬಂತು ಎಂದು ಯಾರನ್ನೂ ಕೇಳಿದವಳಲ್ಲ. ಹೇಗೆ ಹೋಗುತ್ತದೆ ಎನ್ನುವುದಷ್ಟೇ ಅವಳ ಚಿಂತೆ.

ವಾರದ ರಜೆಯ ಮಧ್ಯಾಹ್ನ ಯಜಮಾನ ಬಾಯ್ಲರ್ ಕೋಣೆಯಲ್ಲಿ ತಲೆಗೆ ಇಸ್ತ್ರಿ ಪೆಟ್ಟಿಗೆಯ ಏಟು ತಿಂದು, ರಕ್ತ ಸೋರಿ ಸತ್ತು ಇಂದಿಗೆ ನಾಲ್ಕು ದಿನ. ಕೊಲೆಯ ಅನುಮಾನದ ಮೇಲೆ ಇಸ್ತ್ರಿಯವನನ್ನು ಪೊಲೀಸರು ಎತ್ತಿಕೊಂಡು ಹೋಗಿ ಎರಡು ದಿನ. ಬರುವ ತಿಂಗಳು ಕಡ್ಡಿ ಮದುವೆಯಾಗಬೇಕಿದ್ದುದು ಆ ಇಸ್ತ್ರಿಯವನನ್ನೇ.

"ಈ ಅಂಗಿ ಅವನ ಟ್ರಂಕಿನ ತಳದಲ್ಲಿ ಸಿಕ್ತು," ಎಂದರು ಇನ್ಸ್‌ಪೆಕ್ಟರ್. "ಒಗೆದು, ಇಸ್ತ್ರಿ ಮಾಡಿ, ಮಡಚಿ ಇಟ್ಟಿದ್ದಾನೆ. ಕಣ್ಣಿಗೆ ಹೊಸದರ ಹಾಗೆ ಕಾಣುತ್ತೆ. ಆದರೆ ಹೊಲಿಗೆ ಸಂದೀಲಿ ರಕ್ತ ಇದೆ ಅಂತ ಪರೀಕ್ಷೇಲಿ ಬಂದಿದೆ. ಯಜಮಾನರದ್ದೇ ರಕ್ತ. ಈಗ ಹೇಳು, ಇದು ನಿಮ್ಮ ಲಾಂಡ್ರಿ ಅಂಗಿ ತಾನೆ?"

"ಹೌದು ಸಾರ್. ಕೆಲಸದ ಅಂಗಿ. ನಾವೆಲ್ಲ ಹಾಕೋದು ಇದನ್ನೇ. ಗೂಟಕ್ಕೆ ನೇತು ಹಾಕಿರ್ತೀವಿ, ಕೈಗೆ ಸಿಕ್ಕಿದ್ದು ಹಾಕ್ಕೊಳ್ತೀವಿ."

"ಅವನೇ ಹಾಕ್ಕೊಂಡಿದ್ದ ಅಂತ ಹೇಳಕ್ಕಾಗಲ್ಲ ಅಂತೀಯ. ಸರಿ. ಆದರೆ ಟ್ರಂಕು ಅವನದ್ದೇ ಅಲ್ವಾ? ಬೀಗ ಇರಲಿಲ್ಲ ಅಂತ ಅವನೂ ಅಂದ, ಎಲ್ಲಾ ಕಳ್ಳರೂ ಹೇಳೋ ಮಾತೇ ಅದು."

ಕಡ್ಡಿಯ ಕಣ್ಣು ಅಂಗಿಯ ಎದೆಗೆ ಅಂಟಿಕೊಂಡಿತ್ತು.

ಆರು ಗುಂಡಿ. ಕುತ್ತಿಗೆಯದು ಹಾಕಿದೆ. ಅದರ ಕೆಳಗಿನದು ಬಿಟ್ಟಿದೆ. ಮೂರನೆಯದು ಹಾಕಿದೆ. ನಾಲ್ಕನೆಯದು ಬಿಟ್ಟಿದೆ. ಐದನೆಯದು ಹಾಕಿದೆ.

ಅವಳು ಇನ್ನೊಮ್ಮೆ ಎಣಿಸಿದಳು. ಮರುಕ್ಷಣವೇ, ಮುಳುಗುತ್ತಿದ್ದವಳಿಗೆ ಕಾಲಡಿ ಕಲ್ಲು ಸಿಕ್ಕ ಹಾಗಾಯಿತು.

"ಸಾರ್, ಇದನ್ನು ಯಾರಾದರೂ ಬಿಚ್ಚಿದ್ರಾ?"

"ಇಲ್ಲ. ಒಳಗಿನಿಂದ ಒಂದು ಚೂರು ಹೊಲಿಗೆ ಕತ್ತರಿಸಿ ತಗೊಂಡಿದ್ದಾರೆ. ಮಡಿಕೆ ಹಾಗೇ ಇದೆ. ಯಾಕೆ?"

"ಹಾಗಿದ್ರೆ ಅವನನ್ನು ಬಿಟ್ಟುಬಿಡಿ. ಇದನ್ನು ಮಡಚಿದ್ದು ಅವನಲ್ಲ."

ಇನ್ಸ್‌ಪೆಕ್ಟರ್ ಕರವಸ್ತ್ರ ಕೆಳಗಿಳಿಸಿದರು. "ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು. ಬಿಡಿಸಿ ಹೇಳಮ್ಮಾ."

"ಗುಂಡಿ ನೋಡಿ ಸಾರ್. ಒಂದು, ಮೂರು, ಐದು. ಕಟ್ಟಿ ಕಳಿಸೋ ಅಂಗಿಗೆ ಎಲ್ಲಾ ಗುಂಡಿ ಹಾಕ್ತಾ ಕೂತ್ರೆ ಸಂಜೆ ಆಗುತ್ತೆ. ಒಂದೂ ಹಾಕದೆ ಇದ್ರೆ ಮಡಿಕೆ ನಿಲ್ಲಲ್ಲ. ಅದಕ್ಕೇ ಒಂದು ಬಿಟ್ಟು ಒಂದು. ಯಜಮಾನರ ಅಪ್ಪನ ಕಾಲದಿಂದ ಬಂದ ಕಟ್ಟಳೆ. ದಿನಕ್ಕೆ ಇನ್ನೂರು ಅಂಗಿ ಮಡಚಿ ಮಡಚಿ, ಕಣ್ಣು ಮುಚ್ಚಿದ್ರೂ ಕೈ ತಾನಾಗೇ ಹಾಗೇ ಹಾಕುತ್ತೆ. ಹೊರಗಿನವನಾದರೆ ರಕ್ತದ ಅಂಗಿನ ಮುದ್ದೆ ಮಾಡಿ ತುರುಕ್ತಾನೆ. ಇಲ್ಲಾ ಆರೂ ಗುಂಡಿ ಹಾಕ್ತಾನೆ."

"ಇಸ್ತ್ರಿಯವನೂ ಇಲ್ಲಿಯವನೇ ತಾನೆ?"

"ಅವನು ಹೊರಗಿನವನಿಗಿಂತ ಕಡೆ ಸಾರ್. ಅವನಿಗೆ ಗುಂಡಿ ಹಾಕಕ್ಕೇ ಬರಲ್ಲ."

ಮೇಜಿನ ಮೇಲಿದ್ದ ತನ್ನ ಎಡಗೈಯ ಹೆಬ್ಬೆರಳನ್ನು ಅವಳು ಬಲಗೈಯಿಂದ ಮುಚ್ಚಿ ಹಿಡಿದು ತೋರಿಸಿದಳು. "ಅವನ ಈ ಬೆರಳು ಏಳು ವರ್ಷದ ಹಿಂದೆ ಹಬೆ ಪ್ರೆಸ್ಸಿನ ಅಡಿಗೆ ಸಿಕ್ಕಿ ಸುಟ್ಟುಹೋಯ್ತು. ಬೆರಳು ಇದೆ, ಆದರೆ ಮರದ ತುಂಡಿನ ಹಾಗೆ. ಮಡಚಲ್ಲ, ಹಿಡಿಯಲ್ಲ. ಇಸ್ತ್ರಿಗೆ ಅಂಗೈ ಸಾಕು. ಚಿಕ್ಕ ಗುಂಡಿ ಅಂದ್ರೆ ಅವನಿಗೆ ಬೆಟ್ಟ. ಅವನ ಅಂಗಿ ಗುಂಡಿನ..."

ಮಾತು ಅಲ್ಲಿಗೇ ನಿಂತಿತು. ಕೆನ್ನೆ ಬಿಸಿಯಾಯಿತು.

"ನೀನು ಹಾಕ್ತೀಯ," ಎಂದು ಇನ್ಸ್‌ಪೆಕ್ಟರ್ ಮುಗಿಸಿದರು. ಅಲ್ಲಿಯವರೆಗೆ ಆ ದನಿಯಲ್ಲಿ ಇಲ್ಲದ ಒಂದು ಮೆದುತನ ಬಂತು.

ಹೌದು, ಅವಳೇ ಹಾಕುತ್ತಿದ್ದಳು. ಇಡೀ ಲಾಂಡ್ರಿ ಅವನನ್ನು ಗೂಳಿ ಎನ್ನುತ್ತಿತ್ತು. ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರದಷ್ಟು ಅಗಲ. ಹೆಸರು ಗೂಳಿ, ಗುಣ ಕರುವಿನದು. ಮೊದಲ ಸಲ ಎದೆ ತೆರೆದ ಅಂಗಿಯಲ್ಲಿ ಅವಳ ಮುಂದೆ ಬಂದು ನಿಂತು, ಒಂದು ಮದುವೆಗೆ ಹೋಗಬೇಕು, ಹೀಗೆ ಹೋದರೆ ನಗುತ್ತಾರೆ ಎಂದು ನೆಲ ನೋಡುತ್ತಾ ಹೇಳಿದ್ದ. ಅವಳು ಕೆಳಗಿನಿಂದ ಮೇಲಕ್ಕೆ ಆರೂ ಗುಂಡಿ ಹಾಕಿದ್ದಳು. ಕುತ್ತಿಗೆಯದನ್ನು ಹಾಕುವಾಗ ಅವನ ಗಂಟಲ ಗಂಟು ಅವಳ ಬೆರಳಿಗೆ ತಗುಲಿ ಮೇಲೆ ಹೋಗಿ ಕೆಳಗೆ ಬಂದಿತ್ತು. ಅವರಿಬ್ಬರ ಪ್ರೀತಿಯ ಮೊದಲ ಮಾತು ಅದೇ, ಬಾಯಿಂದ ಬಂದದ್ದಲ್ಲ ಅಷ್ಟೆ.

ಇನ್ಸ್‌ಪೆಕ್ಟರ್ ಆಗಲೇ ಫೋನು ಕಿವಿಗಿಟ್ಟಿದ್ದರು. "ಆ ಲಾಂಡ್ರಿಯವನ ಕೈಗೆ ಒಂದು ಅಂಗಿ ಕೊಡಿ. ಗುಂಡಿ ಹಾಕು ಅನ್ನಿ. ಯಾಕೆ ಅಂತ ಹೇಳಬೇಡಿ... ಯಾರದ್ದಾದರೂ ಕೊಡ್ರೀ, ನಿಮ್ಮದೇ ಬಿಚ್ಚಿ ಕೊಡಿ!"

ಐದು ನಿಮಿಷ. ಕಡ್ಡಿ ಗೋಡೆಯ ಗಡಿಯಾರ ನೋಡಲಿಲ್ಲ. ತೊಟ್ಟಿಗೆ ತೊಟಕು ತೊಟಕು ಬೀಳುತ್ತಿದ್ದ ನಲ್ಲಿಯ ಹನಿ ಎಣಿಸಿದಳು. ಫೋನಿನ ಆ ಕಡೆಯ ದನಿ ಕೋಣೆಗೆಲ್ಲ ಕೇಳಿಸಿತು. "ಒಂದೂ ಹಾಕಿಲ್ಲ ಸಾರ್. ಎರಡು ಕಿತ್ತುಹಾಕಿದಾನೆ. ನನ್ನ ಅಂಗಿ ಸಾರ್ ಅದು."

ಇನ್ಸ್‌ಪೆಕ್ಟರ್ ಫೋನು ಕಿಸೆಗಿಟ್ಟರು.

"ಗೆದ್ದೆ ಕಣಮ್ಮಾ. ಅವನ ಮೇಲೆ ಇನ್ನೂ ಕೇಸು ಹಾಕಿಲ್ಲ. ಮೂರು ಗಂಟೆ ಒಳಗೆ ಮನೆಗೆ ಕಳಿಸ್ತೀನಿ. ಈಗ ಇನ್ನೊಂದು ಹೇಳು. ಇದನ್ನು ಮಡಚಿದ ಕೈ ಯಾರದ್ದು?"

ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಮಡಚಿ ಕಟ್ಟುವ ಮೇಜಿನ ಹಿಂದೆ ಕೂರುವವರು ಈ ಲಾಂಡ್ರಿಯಲ್ಲಿ ಒಬ್ಬರೇ.

"ಎಲ್ಲರಿಗೂ ಬರುತ್ತೆ ಸಾರ್," ಎಂದಳು ಕಡ್ಡಿ. "ಕೆಲಸ ಜಾಸ್ತಿ ಇದ್ದಾಗ ಎಲ್ಲರೂ ಕೂತು ಮಡಚ್ತೀವಿ."

"ಎಲ್ಲರೂ."

"ಏಳು ಜನ."

"ಹಾಗಾದರೆ ನಾಳೆ ಬೆಳಿಗ್ಗೆ ಏಳು ಜನರ ಕೈಗೂ ಒಂದೊಂದು ಅಂಗಿ ಕೊಡ್ತೀನಿ. ಕೂತು ನೋಡ್ತೀನಿ." ತಡೆದಿಟ್ಟಿದ್ದ ಮೂರನೆಯ ಸೀನು ಆಗ ಬಂತು.

* * *

ಮುಂದಿನ ಹಜಾರದಲ್ಲಿ, ಮಡಚುವ ಮೇಜಿನ ಹಿಂದೆ ಕಡ್ಡಿಯ ಅಕ್ಕ ಒಬ್ಬಳೇ ಇದ್ದಳು.

ಲಾಂಡ್ರಿಗೆ ಗಿರಾಕಿ ಬರುವುದು ನಿಂತಿತ್ತು, ಆದರೆ ಕೊಲೆಗೆ ಮುಂಚೆ ಬಂದ ಬಟ್ಟೆಯನ್ನು ಒಪ್ಪಿಸಲೇಬೇಕಲ್ಲ. ಉಳಿದವರು ಭಯಕ್ಕೆ ಬಂದಿರಲಿಲ್ಲ. ಅಕ್ಕನೇ ಬಾಯ್ಲರ್ ಹೊತ್ತಿಸಿ, ಗೂಳಿ ಇಲ್ಲದ ಪ್ರೆಸ್ಸನ್ನು ತಾನೇ ತುಳಿದು, ಮತ್ತೆ ತಾನೇ ಮೇಜಿಗೆ ಬಂದು ಮಡಚುತ್ತಿದ್ದಳು. ಹೆಗಲ ಮೇಲೆ ದಾರದ ಉಂಡೆ, ಕೈ ಹತ್ತಿರ ಕಂದು ಕಾಗದದ ಸುರುಳಿ, ಅದರ ಮೇಲೆ ಮೊಳದುದ್ದದ ಕತ್ತರಿ.

ಅಪ್ಪ ಅಮ್ಮ ಹೋದಾಗ ಕಡ್ಡಿಗೆ ಆರು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಆ ವರ್ಷವೇ ಅಕ್ಕ ಈ ಮೇಜಿಗೆ ಬಂದು ಕೂತದ್ದು. ಕೂತವಳು ಏಳಲಿಲ್ಲ. ಮದುವೆಯ ಮಾತೆತ್ತಿದವರಿಗೆ, "ಮೊದಲು ನಿಮ್ಮ ಅಂಗಿ ಕಾಲರ್ ತೊಳ್ಕೊಂಡು ಬನ್ನಿ" ಎಂದು ನಗಾಡಿ ಕಳಿಸಿದ್ದಳು.

"ಹೋದರಾ ಸೀನಪ್ಪನೋರು?" ಅಕ್ಕ ತಲೆ ಎತ್ತದೆ ಕೇಳಿದಳು. "ಆ ಮನುಷ್ಯ ಸೀನೋ ರಭಸಕ್ಕೆ ನಾನು ಕಟ್ಟಿದ ಗಂಟೆಲ್ಲ ಬಿಚ್ಕೊಂತು. ಊಟ ಮಾಡಿದ್ಯಾ?"

ಬೆರಳು ಓಡುತ್ತಿತ್ತು. ಕುತ್ತಿಗೆಯ ಗುಂಡಿ. ಮೂರನೆಯದು. ಐದನೆಯದು. ತಿರುಗಿಸು, ತೋಳು ಒಳಗೆ, ಮಡಚು.

"ಅಕ್ಕಾ. ಗೂಳಿ ಟ್ರಂಕಿನಲ್ಲಿ ಆ ಅಂಗಿ ಇಟ್ಟಿದ್ದು ನೀನಾ?"

ಬೆರಳು ನಿಲ್ಲಲಿಲ್ಲ. "ಯಾವ ಅಂಗಿ?"

"ಒಂದು, ಮೂರು, ಐದು ಹಾಕಿದ್ದು."

ಆಗ ನಿಂತಿತು.

"ಅವರಿಗೆ ಹೇಳಿದ್ಯಾ?"

"ಅವನು ಹಾಕಿದ್ದಲ್ಲ ಅಂತ ಹೇಳ್ದೆ. ನೀನು ಹಾಕಿದ್ದು ಅಂತ ಹೇಳಿಲ್ಲ."

ಅಕ್ಕ ಮೇಜು ಸುತ್ತಿ ಬಂದು ಫಟಾರನೆ ಕೆನ್ನೆಗೆ ಬಿಟ್ಟಳು. ಕಡ್ಡಿ ಬಟ್ಟೆಯ ಗಂಟುಗಳ ಮೇಲೆ ಬಿದ್ದಳು. ಮೂಗಿನಿಂದ ರಕ್ತ ಇಳಿದು ಯಾರದೋ ಬಿಳಿ ದಿಂಬಿನ ಚೀಲದ ಮೇಲೆ ತೊಟ್ಟಿಕ್ಕಿತು. ಹುಟ್ಟಿದಾಗಿನಿಂದ ಅಕ್ಕ ಕೈ ಎತ್ತಿದ್ದು ಇದೇ ಮೊದಲು. ನೋವಿಗಿಂತ ಮೊದಲು ಅದೇ ತಲೆಗೆ ಹತ್ತಿತು. ಎದ್ದವಳೇ ಅಕ್ಕನ ಜಡೆಗೆ ಕೈ ಹಾಕಿದಳು. ಕೂದಲು ಕೈಗೆ ಸುತ್ತಿ ಎಳೆದಳು. ಇಬ್ಬರೂ ಮೇಜಿಗೆ ಹಾಯ್ದು ಕಾಗದದ ಸುರುಳಿ ಉರುಳಿತು, ಕತ್ತರಿ ಠಣ್ಣೆಂದು ನೆಲಕ್ಕೆ ಬಿತ್ತು. ಅಕ್ಕನ ಮೊಣಕೈ ಪಕ್ಕೆಗೆ ಬಡಿದು ಕಡ್ಡಿಯ ಉಸಿರೇ ಹೋಯಿತು. ಆದರೂ ಜಡೆ ಬಿಡಲಿಲ್ಲ.

"ಯಾಕೆ? ಯಾಕಕ್ಕಾ? ಅವನು ನಿನಗೇನು ಮಾಡಿದ್ದ? ನೇಣಿಗೆ ಹಾಕಿಸ್ತಿದ್ಯಲ್ಲೇ!"

"ನಿನ್ನನ್ನು ಹಾಕಬಾರದು ಅಂತ!"

ಕಡ್ಡಿಯ ಹಿಡಿತ ಸಡಿಲವಾಯಿತು. ಅಕ್ಕ ಏದುಸಿರು ಬಿಡುತ್ತಾ ಮೇಜಿಗೆ ಒರಗಿ ನಿಂತಳು. ಕಿವಿಯ ಹತ್ತಿರ ಕೂದಲು ಕಿತ್ತು ರಕ್ತ ಜಿನುಗುತ್ತಿತ್ತು.

"ರಜೆಯ ಮಾರನೇ ದಿನ ಎಲ್ಲರಿಗಿಂತ ಮೊದಲು ಬಂದೋಳು ನಾನು. ನಿನ್ನ ಕೋಣೆಗೆ ಹೋದೆ. ನಿನ್ನ ತೊಟ್ಟೀಲಿ ಆ ಅಂಗಿ ನೆನೀತಾ ಇತ್ತು. ನೀರು ಎಳೆಗೆಂಪು. ಒಳಮೈ ಹೊರಗೆ ಮಾಡಿ, ತಣ್ಣೀರು, ಹಿಡಿ ಉಪ್ಪು. ತೇಲಬಾರದು ಅಂತ ಮೇಲೆ ನಿನ್ನ ಪಿಂಗಾಣಿ ತಟ್ಟೆ ಬೋರಲು. ಇನ್ಯಾರು ಹಾಗೆ ಮಾಡ್ತಾರೆ ಹೇಳು? ಯಜಮಾನ ನಿನ್ನ ಕೈ ಹಿಡಿದು ಎಳೆದಿದ್ದು ನನಗೆ ಗೊತ್ತಿತ್ತು. ಏನೋ ಆಗಿದೆ, ನೀನು ಹೊಡೆದಿದ್ದೀಯ ಅಂದ್ಕೊಂಡೆ. ತೆಗೆದೆ, ಒಣಗಿಸಿದೆ, ಮಡಚಿದೆ. ಯಾರದ್ದಾದರೂ ತಲೆಗೆ ಕಟ್ಟಬೇಕಿತ್ತು. ಗೂಳಿ ತಲೆ ದೊಡ್ಡದು, ಕಟ್ಟಿದೆ."

"ನಾನು ನೆನೆಸಿದ್ದಲ್ಲ," ಎಂದಳು ಕಡ್ಡಿ.

"ಏನು?"

"ರಜೆ ದಿನ ನಾನಿಲ್ಲಿಗೆ ಬಂದೇ ಇಲ್ಲ ಅಕ್ಕಾ."

ಹೇಳುತ್ತಿರುವಾಗಲೇ ಅವಳ ಕಣ್ಣಿಗೆ ಆ ಬೋರಲು ತಟ್ಟೆ ಕಟ್ಟಿತು. ರಕ್ತಕ್ಕೆ ಬಿಸಿನೀರು ಹಾಕಿದರೆ ಅದು ಬಟ್ಟೆಯಲ್ಲೇ ಬೇರು ಬಿಡುತ್ತದೆ ಎಂದು ಊರಿಗೆಲ್ಲ ಗೊತ್ತಿರಬಹುದು. ಉಪ್ಪೂ ಗೊತ್ತಿರಬಹುದು. ತಟ್ಟೆ ಬೋರಲು ಹಾಕುವುದು ಅವಳದೇ ಉಪಾಯ. ಯಾರಿಗೂ ಹೇಳಿಕೊಟ್ಟಿರಲಿಲ್ಲ, ಒಬ್ಬನಿಗೆ ಬಿಟ್ಟು. ಪ್ರೆಸ್ಸಿನ ಅಂಚಿಗೆ ಅವನ ಮುಂಗೈ ತರಚಿದ ದಿನ, ಹಿಂದಿನ ಕೋಣೆಯಲ್ಲಿ ಅವನ ತೋಳನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಅಂಗಿಯನ್ನು ತೊಟ್ಟಿಗೆ ಹಾಕಿ, "ನೋಡ್ಕೋ, ನಾನಿಲ್ಲದಿದ್ದಾಗ ಬೇಕಾಗುತ್ತೆ" ಎಂದು ನಗುತ್ತಾ ಹೇಳಿಕೊಟ್ಟಿದ್ದಳು.

ಗುಂಡಿ ಹಾಕಲು ಬಾರದ ಕೈಗೆ ಅಂಗಿ ನೆನೆಸಲು ಬರುತ್ತದೆ. ಇಸ್ತ್ರಿ ಪೆಟ್ಟಿಗೆ ಎತ್ತಿ ಬೀಸಲೂ ಬರುತ್ತದೆ.

ಅದೇ ಕೈಯನ್ನು ಅವಳು ಒಂದು ಗಂಟೆಯ ಹಿಂದೆ ಬಾಯಿ ತುಂಬಾ ವಾದಿಸಿ ಬಿಡಿಸಿದ್ದಳು.

ಮುಂದಿನ ಷಟರ್ ಅರ್ಧ ಮೇಲೆದ್ದಿತು. ಅದರಡಿ ಬಗ್ಗಿ ಗೂಳಿ ಒಳಗೆ ಬಂದ.

* * *

ತುಟಿ ಒಡೆದಿತ್ತು. ಒಂದು ಕಣ್ಣು ಊದಿ ಮುಚ್ಚಿತ್ತು. ಎದೆ ತೆರೆದ ಅಂಗಿಯನ್ನು ಬಲಗೈಯಲ್ಲಿ ಕೂಡಿಸಿ ಹಿಡಿದುಕೊಂಡಿದ್ದ. ಕಡ್ಡಿಯನ್ನು ಕಂಡು ಇಷ್ಟಗಲ ನಕ್ಕ, ನಕ್ಕಿದ್ದಕ್ಕೆ ತುಟಿ ಮತ್ತೆ ಒಡೆಯಿತು.

"ಬಿಟ್ರು ಕಣೇ. ನೀನು ಏನೋ ಹೇಳಿದ್ಯಂತೆ. ಆ ಪೇದೆ ಅಂಗಿದು ಎರಡು ಗುಂಡಿ..." ಅವಳ ಮೂಗಿನ ರಕ್ತ ಕಂಡು ನಗು ಹೋಯಿತು. "ಏನಾಯ್ತು? ಯಾರು ಹೊಡೆದಿದ್ದು?"

ಅವನು ಮುಂದೆ ಬಂದ. ಕಡ್ಡಿ ಹಿಂದೆ ಸರಿದಳು. ಅವನು ನಿಂತ.

"ನನ್ನ ತೊಟ್ಟೀಲಿ ಆ ಅಂಗಿ ನೆನೆಸಿದ್ದು ನೀನಾ?"

ಅವನು ಅವಳನ್ನು ನೋಡಿದ. ಅವಳ ಹೆಗಲಾಚೆ ಅಕ್ಕನನ್ನು ನೋಡಿದ. ಸುಳ್ಳು ಹೇಳುವುದಾದರೆ ಹೇಳಲು ಸಾಕಷ್ಟು ಹೊತ್ತು ಇತ್ತು.

"ಹೌದು," ಎಂದ.

ಕಡ್ಡಿಗೆ ಅಳು ಬರಲಿಲ್ಲ.

"ಹೊಡೆದಿದ್ದೂ?"

"ಹೌದು. ಯಜಮಾನ ಅಂದ, ಮದುವೆ ಆಗಿ ಅವಳು ಈ ಬಾಗಿಲು ದಾಟಿದ್ರೆ, ತುಕ್ಕು ತೆಗೆಯೋ ಆ ಆಸಿಡ್ಡನ್ನೇ ಅವಳ ಮುಖಕ್ಕೆ ಎರಚ್ತೀನಿ ಅಂತ. ನಗ್ತಾ ಅಂದ ಕಣೇ. ಆಮೇಲೆ ನೀನ್ ಬೇಕಾದ್ರೆ ಮಾಡ್ಕೋ ಅಂದ. ನನ್ನ ಕೈಯಲ್ಲಿ ಪೆಟ್ಟಿಗೆ ಇತ್ತು. ಆದರೆ..."

"ಪೊಲೀಸರನ್ನು ಕೂಗೇ!" ಅಕ್ಕನ ಕಿರುಚು ಹಜಾರವನ್ನು ಸೀಳಿತು. "ನಿಂತು ಏನು ಕೇಳ್ತೀಯ? ಕೊಲೆಗಡುಕ ಬಾಯಿಬಿಟ್ಟು ಹೇಳ್ತಿದ್ದಾನೆ, ಓಡು!"

ಅಕ್ಕ ಬಗ್ಗಿ ಕತ್ತರಿ ಎತ್ತಿದಳು. ಬೆದರಿಸಲು ಹಿಡಿದ ಹಿಡಿ ಅದಾಗಿರಲಿಲ್ಲ. ಅಲಗು ಕೆಳಗೆ, ಮುಷ್ಟಿ ಮೇಲೆ. ನೇರ ಅವನ ಹೊಟ್ಟೆಗೆ ಬಂದಳು.

ಗೂಳಿ ಅಡ್ಡ ತಿರುಗಿದ. ಅಲಗು ಅವನ ಪಕ್ಕೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿತು, ಗೆರೆ ಕೆಂಪಾಯಿತು. ಎರಡನೆಯ ಸಲ ಎತ್ತುವಷ್ಟರಲ್ಲಿ ಅವನು ಅವಳ ಮಣಿಕಟ್ಟು ಹಿಡಿದು ತಿರುಚಿದ. ಕತ್ತರಿ ಜಾರಿತು. ಅಕ್ಕ ಅವನ ಮುಂಗೈಗೆ ಹಲ್ಲು ಹಾಕಿದಳು. ಅವನು ಗೂಳಿಯ ಹಾಗೆಯೇ ಕೂಗಿ ಅವಳನ್ನು ತಳ್ಳಿಕೊಂಡು ಹೋದ. ಅಕ್ಕನ ಬೆನ್ನು ತೆರೆದ ಪ್ರೆಸ್ಸಿನ ಬಟ್ಟೆ ಹಾಸುವ ಹಲಗೆಯ ಅಂಚಿಗೆ ಬಡಿಯಿತು. ಬಲಗೈ ಅವಳ ಗಂಟಲಿಗೆ ಬಿತ್ತು. ಎಡಗೈಯನ್ನು ಆ ಹಲಗೆಯ ಮೇಲೆ ಊರಿ ಅವನು ಅವಳ ಮೇಲೆ ಬಗ್ಗಿದ.

"ಹೇಳಿ ಅಕ್ಕಾ! ಅವಳಿಗೆ ಹೇಳಿ! ಹೇಳದಿದ್ರೆ..."

ಅಕ್ಕನ ಮುಖ ನೀಲಿಗಟ್ಟುತ್ತಿತ್ತು. ಕಾಲು ಗಾಳಿಯಲ್ಲಿ ಒದ್ದಾಡುತ್ತಿತ್ತು.

ಯೋಚಿಸಿದ್ದರೆ ಕಡ್ಡಿ ಅದನ್ನು ಮಾಡುತ್ತಿರಲಿಲ್ಲ. ಬಂದವಳೇ ಎಡಗೈಯಲ್ಲಿ ಅಕ್ಕನ ಜಡೆ ಹಿಡಿದು ಪಕ್ಕಕ್ಕೆಳೆದಳು. ಬಲಗಾಲಿನಲ್ಲಿ ಪೆಡಲು ತುಳಿದಳು.

ಕಬ್ಬಿಣದ ಮುಚ್ಚಳ ಬಿತ್ತು. ಹಬೆ ಭುಸ್ಸೆಂದು ನಾಲ್ಕೂ ಕಡೆಯಿಂದ ನುಗ್ಗಿತು. ಗೂಳಿಯ ಬಾಯಿಂದ ಬಂದ ಸದ್ದು ಮನುಷ್ಯರದಾಗಿರಲಿಲ್ಲ. ಅವನು ಮೊಣಕಾಲ ಮೇಲೆ ಕುಸಿದ. ಎಡಗೈ ಮಾತ್ರ ಮಣಿಕಟ್ಟಿನವರೆಗೆ ಒಳಗೇ ಇತ್ತು. ಸುಟ್ಟ ಚರ್ಮದ ವಾಸನೆ ಅವಳ ಗಂಟಲಿಗೆ ಹತ್ತಿತು.

ಅವಳು ಕೈ ಚಾಚಿ ಹಬೆಯ ತಿರುಗಣಿ ಮುಚ್ಚಿದಳು. ಕಾಲು ತೆಗೆಯಲಿಲ್ಲ. ತುಳಿದಷ್ಟು ಹೊತ್ತು ಮುಚ್ಚಿರುತ್ತದೆ, ಬಿಟ್ಟರೆ ತೆರೆಯುತ್ತದೆ, ಆ ಪ್ರೆಸ್ಸು ಇರುವುದೇ ಹಾಗೆ. ಬಿಟ್ಟರೆ ಈ ಮೈ ಎದ್ದು ಅಕ್ಕನ ಮೇಲೆ ಬೀಳುತ್ತದೆ. ಅವಳಿಗೆ ಹೊಳೆದದ್ದು ಅಷ್ಟೇ.

"ಕಾಲು... ತೆಗಿಯೇ," ಎಂದ ಗೂಳಿ. ಹಣೆಯಿಂದ ಬೆವರು ನೀರಿನ ಹಾಗೆ ಇಳಿಯುತ್ತಿತ್ತು. "ಒಂದೇ ಏಟು. ಬಿದ್ದ. ಎದ್ದು ಕೂತ. ನನ್ನ ಅಂಗಿ ಹಿಡ್ಕೊಂಡು ನೀರು ಕೇಳಿದ. ಬದುಕಿದ್ದ ಕಣೇ! ತರಕ್ಕೆ ಓಡಿದೆ. ಮೆಟ್ಟಿಲಲ್ಲಿ ನಿಮ್ಮಕ್ಕ. ಕೈಯಲ್ಲಿ ಬೀಗದ ಕೈ ಗೊಂಚಲು. ನೀನು ಹೋಗು, ನಾನು ನೋಡ್ಕೊಳ್ತೀನಿ, ಅಂಗಿ ತೊಳ್ಕೋ ಅಂದ್ರು. ನಂಬಿದೆ. ನಂಬಿ ಹೋದೆ."

"ಸುಳ್ಳು," ಎಂದಳು ಕಡ್ಡಿ. "ಹಾಗಿದ್ರೆ ಸ್ಟೇಷನ್ನಲ್ಲಿ ಯಾಕೆ ಹೇಳಲಿಲ್ಲ?"

"ನಿನಗೆ ಇರೋದು ಒಬ್ಬಳೇ ಅಕ್ಕ ಅಂತ."

ಹಿಂದೆ ಷಟರ್ ಕೆಳಗಿಳಿಯುವ ಸದ್ದಾಯಿತು. ಗಡಗಡ ಬಂದು ನೆಲಕ್ಕೆ ತಾಗಿತು. ಒಳಗಿನ ಕೊಕ್ಕೆ ಬಿತ್ತು.

ಅಕ್ಕ ಗಂಟಲು ನೀವಿಕೊಳ್ಳುತ್ತಾ ಬಂದಳು. ನಡುವೆ ಬಗ್ಗಿ ಕತ್ತರಿ ಎತ್ತಿಕೊಂಡಳು. ಅವಸರವಿರಲಿಲ್ಲ. ಸಂಜೆಯ ಕೊನೆಯ ಗಂಟು ಕಟ್ಟಲು ದಾರ ಕತ್ತರಿಸಲು ಬರುವವಳ ಹಾಗೆ ಬಂದಳು.

"ಕಾಲು ತೆಗೀಬೇಡ," ಎಂದಳು. ದನಿ ಒಡೆದಿತ್ತು, ಆದರೆ ಅದು ಜ್ವರ ಬಂದಾಗ ತಲೆ ಸವರುತ್ತಾ ಮಾತಾಡುವ ದನಿಯೇ. "ಹಾಗೇ ಹಿಡ್ಕೊಂಡಿರು. ಆ ಕಡೆ ಮುಖ ತಿರುಗಿಸ್ಕೋ. ನಮ್ಮ ಮೇಲೆ ಬಿದ್ದ, ಹೆದರಿ ಹೊಡೆದ್ವಿ ಅಂತೀವಿ. ನನ್ನ ಕುತ್ತಿಗೆ ಮೇಲೆ ಅವನ ಬೆರಳಿನ ಗುರುತಿದೆ, ಸಾಲದಾ?"

"ಅಕ್ಕಾ, ಅವನು ಹೇಳ್ತಿರೋದು..."

"ನಾಳೆ ಏಳು ಜನರ ಕೈಗೂ ಅಂಗಿ ಕೊಡ್ತಾರಂತಲ್ಲ, ಇಲ್ಲಿಗೆ ಕೇಳಿಸ್ತು. ಇವನ ಬಾಯಿ ಇದ್ರೆ ನನ್ನ ಕೈ ಸಿಕ್ಕಿಬೀಳುತ್ತೆ. ಆಮೇಲೆ ನಿನಗ್ಯಾರಿದ್ದಾರೆ ಹೇಳು?"

"ಯಜಮಾನ ನೀರು ಕೇಳಿದ್ನಾ?"

ಅಕ್ಕ ನಿಂತಳು. ಇಬ್ಬರ ನಡುವೆ ಎರಡು ಹೆಜ್ಜೆ. ಗೂಳಿ ತಲೆ ಎತ್ತಿ ಇಬ್ಬರನ್ನೂ ಒಂದೇ ಕಣ್ಣಿನಲ್ಲಿ ನೋಡಿದ.

"ಕೇಳಿದ," ಎಂದಳು ಅಕ್ಕ. "ಬಾಗಿಲಿಗೆ ಬೀಗ ಹಾಕಿ ಹೊರಗೆ ಮೆಟ್ಟಿಲ ಮೇಲೆ ಕೂತೆ. ಬಾಗಿಲು ಕೆರೀತಾ ಇದ್ದ. ಮೊದಲು ಬೈದ, ಆಮೇಲೆ ನನ್ನ ಹೆಸರು ಹಿಡಿದು ಕರೆದ, ಆಮೇಲೆ ಬರೀ ನೀರು ನೀರು ಅಂದ. ತುಂಬಾ ಹೊತ್ತು ಕೇಳಿದ ಕಣೇ. ಅದೇ ಕೋಣೇಲಿ, ನನಗೆ ಹತ್ತೊಂಬತ್ತು ವರ್ಷ ಇದ್ದಾಗ, ನಾನೂ ಕೇಳಿದ್ದೆ."

ಕಡ್ಡಿ ಲೆಕ್ಕ ಹಾಕಿದಳು. ಹತ್ತೊಂಬತ್ತು. ತನಗೆ ಆಗ ಆರು. ಸಂಜೆ ಮನೆಗೆ ಬಂದು ಅಕ್ಕ ಅನ್ನ ಕಲಸಿ ಬಾಯಿಗಿಡುತ್ತಿದ್ದ ವರ್ಷ ಅದು.

"ಅವನು ನಿನ್ನ ಮೇಲೂ ಕೈ ಹಾಕಿದಾಗ ನಾನು ಬಿಡ್ತೀನಾ?" ಅಕ್ಕನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. "ಇವನ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆ ಹುಡುಗ. ಆದರೆ ಇವನು ಬದುಕಿದ್ರೆ ನಾನಿಲ್ಲ. ಮುಖ ತಿರುಗಿಸು ಮರೀ."

ಕತ್ತರಿ ಮೇಲೆದ್ದಿತು.

ಗೂಳಿ ಬೇಡಿಕೊಳ್ಳಲಿಲ್ಲ. ಬಲಗೈಯಲ್ಲಿ ತನ್ನ ತೆರೆದ ಅಂಗಿಯನ್ನು ಮತ್ತೆ ಎದೆಗೆ ಕೂಡಿಸಿ ಹಿಡಿದುಕೊಂಡ, ಅಷ್ಟೆ.

ಕಡ್ಡಿ ಮುಖ ತಿರುಗಿಸಲಿಲ್ಲ. ಅಕ್ಕನ ಕಣ್ಣಿನಲ್ಲಿ ಕಣ್ಣು ನೆಟ್ಟು, ಪೆಡಲಿನಿಂದ ಕಾಲು ತೆಗೆದಳು.